ಜೋಡಿಗಂಟು

"ಏನೇ ಮೂಗಿ, ಆ ಕಿಂಡಿಯೊಳಗೆ ನಿನ್ನ ಗಂಡ ಕೂತಿದ್ದಾನೇನೇ? ಕೈ ಆಡ್ಸೇ, ಮುಂಡೆ!"

ಮೇಸ್ತ್ರಿಯ ಮಾತು ಬೆನ್ನಿಗೆ ಬಡಿಯಿತು. ಅಕ್ಕ ತಿರುಗಲಿಲ್ಲ. ಅವಳ ಕೈಗಳು ತೊಟ್ಟಿಯ ಸಾಬೂನು ನೀರಿನಲ್ಲಿ ತಮ್ಮ ಪಾಡಿಗೆ ತಾವು ಉಜ್ಜುತ್ತಲೇ ಇದ್ದವು. ಕಣ್ಣು ಮಾತ್ರ ಗೋಡೆಯ ಕಿಂಡಿಯನ್ನು ಬಿಟ್ಟು ಕದಲಲಿಲ್ಲ. ಆಸ್ಪತ್ರೆಯ ಮೇಲಿನ ವಾರ್ಡುಗಳ ಕೊಳೆ ಚಾದರಗಳೆಲ್ಲ ತಗಡಿನ ಕೊಳವೆಯಲ್ಲಿ ಜಾರಿ, ಆ ಕಿಂಡಿಯಿಂದ ಈ ನೆಲಮಾಳಿಗೆಗೆ ದೊಪ್ಪೆಂದು ಬೀಳುತ್ತಿದ್ದವು. ಜ್ವರದ ಕಾಲ ಶುರುವಾದಾಗಿನಿಂದ ಕಿಂಡಿಗೆ ಬಾಯಿ ಮುಚ್ಚಲೂ ಪುರುಸೊತ್ತಿರಲಿಲ್ಲ.

ಒಂದು ಹಾಸಿಗೆಯ ಬಟ್ಟೆಗೆ ಒಂದು ಮೂಟೆ. ಮೇಲೆ ಕಟ್ಟುವವಳು ವಾರ್ಡಿನ ಆಯಾ, ಕೆಳಗೆ ಬಿಚ್ಚುವವರು ಇವರು. ಮೂಟೆಗೆ ಒಂದೇ ಗಂಟು ಬಿದ್ದಿದ್ದರೆ ಆ ಹಾಸಿಗೆಯವರು ಇನ್ನೂ ಇದ್ದಾರೆ ಎಂದು ಅರ್ಥ. ಬಿಚ್ಚಿ ತೊಟ್ಟಿಗೆ ಹಾಕಬಹುದು. ಗಂಟಿನ ಮೇಲೆ ಗಂಟು ಬಿದ್ದಿದ್ದರೆ ಅವರು ಹೋದರು. ಜೋಡಿಗಂಟನ್ನು ಕೈಯಲ್ಲಿ ಮುಟ್ಟುವಂತಿಲ್ಲ, ಬಿಚ್ಚುವಂತಿಲ್ಲ. ಕೋಲಿನಲ್ಲಿ ಎತ್ತಿ ನೇರ ಕುದಿಯುವ ಹಂಡೆಗೆ. ಈ ಕಟ್ಟಳೆಯನ್ನು ಯಾವ ಸಾಹೇಬನೂ ಮಾಡಿದ್ದಲ್ಲ. ಗ್ಲೌಸು ಕೇಳಿ ಕೇಳಿ ಬಾಯಿ ಸೋತ ಹೆಂಗಸರು ಆಯಾಳ ಜತೆ ಕಿಂಡಿಯಲ್ಲೇ ಕೂಗಾಡಿ ಮಾಡಿಕೊಂಡದ್ದು.

ಅಕ್ಕ ಕಾಯುತ್ತಿದ್ದದ್ದು ಒಂದೇ ಒಂದು ಚಾದರಕ್ಕೆ. ಮೂಲೆಯಲ್ಲಿ ಹೂವಿನ ಬಟ್ಟೆಯ ತೇಪೆಯಿದ್ದ, ಅವಳೇ ಹೊಲಿದು ಮೇಲಕ್ಕೆ ಕಳಿಸಿದ ಚಾದರ. ಅದನ್ನು ಹೊದ್ದು ವಾರ್ಡಿನ ಬರಿನೆಲದಲ್ಲಿ ಮಲಗಿದ್ದವಳು ಅವಳ ತಂಗಿ ಗಿಣಿ.

ಗಿಣಿಯೂ ಇದೇ ತೊಟ್ಟಿಗೆ ನಿಂತು ಒಗೆದವಳೇ. ಬಾಯಿಗೆ ಬೀಗವಿಲ್ಲದ ಹುಡುಗಿ. "ನಮ್ಮವ್ವ ಇಬ್ರೂ ಹಂಚ್ಕೊಳ್ಳಿ ಅಂತ ಮಾತು ಇಟ್ಟು ಹೋಗಿದ್ಲು, ಅಕ್ಕನ ಪಾಲೂ ನಾನೇ ತಿಂದ್ಬಿಟ್ಟೆ" ಎಂದು ಅಕ್ಕನ ಮೌನಕ್ಕೆ ಕಾರಣ ಹೇಳುತ್ತಿದ್ದಳು. ಅವಳು ಅಕ್ಕಾ ಅಕ್ಕಾ ಎಂದು ಕೂಗಿ ಕೂಗಿ, ಹಲ್ಲು ಉದುರಿದ ಸೋಪಜ್ಜಿಯೂ ಇವಳನ್ನು ಅಕ್ಕ ಎಂದೇ ಕರೆಯುವಂತಾಗಿತ್ತು. ಒದ್ದೆಯಾಗಿ ಬಿಗಿದ ಗಂಟುಗಳನ್ನು ಗಿಣಿ ಹಲ್ಲಿನಿಂದ ಕಚ್ಚಿ ಬಿಡಿಸುತ್ತಿದ್ದಳು. ಬೇಡ ಕಣೇ ಎಂದರೆ, "ಮೇಸ್ತ್ರಿನ ಕಚ್ಚಕ್ಕಾಗಲ್ವಲ್ಲ, ಇದನ್ನಾದ್ರೂ ಕಚ್ತೀನಿ" ಅನ್ನುವಳು. ಮೈ ಸುಡಲು ಶುರುವಾದಾಗ ಮೇಸ್ತ್ರಿ "ಜ್ವರ ಅಂತೆ! ಸೋಮಾರಿತನಕ್ಕೆ ಎಂಥಾ ಚೆಂದದ ಹೆಸರು!" ಎಂದಿದ್ದ. ಅವಳು ತೊಟ್ಟಿಯೊಳಗೇ ಕುಸಿದ ಮೇಲೆ ಮೇಲಕ್ಕೆ ಸಾಗಿಸಿದ್ದರು.

ದೊಪ್.

ಹೂವಿನ ತೇಪೆ. ಒಂದೇ ಗಂಟು. ಕೊಳವೆಯ ಮೇಲಿನ ಬಾಯಿಂದ ಆಯಾಳ ಗೊಗ್ಗರು ದನಿ ಇಳಿಯಿತು: "ಅಕ್ಕೋ! ಇವತ್ತು ಗಂಜಿ ಎರಡು ಗುಟುಕು ಕುಡಿದಳು ಕಣೇ. ನನ್ನನ್ನೇ ಬೈದಳು!"

ಬೈದಳಂತೆ. ಅಕ್ಕ ಹಿಡಿದಿದ್ದ ಉಸಿರನ್ನು ಬಿಟ್ಟಳು.

ರೋಗಿಗಳನ್ನು ನೋಡಲು ಬಿಡುವ ಹೊತ್ತು ಇವರ ಕೆಲಸದ ಹೊತ್ತಿನೊಳಗೇ ಬಂದು ಹೋಗುತ್ತಿತ್ತು. ಅಂದು ಅಕ್ಕ ಕೈ ಒರೆಸಿಕೊಂಡು ಮೇಸ್ತ್ರಿಯ ಮುಂದೆ ನಿಂತಳು.

"ಅಣ್ಣಾ, ಒಂದ್ಸಲ ಮುಖ ನೋಡ್ಕೊಂಡು ಓಡಿ ಬಂದ್ಬಿಡ್ತೀನಿ."

"ಓಹೋ, ಮೂಗಿಗೆ ಬಾಯಿ ಬಂತು! ನೀನು ಮುಖ ನೋಡಕ್ಕೆ ಹೋಗು, ಇವಳು ಮೂಗು ನೋಡಕ್ಕೆ ಹೋಗ್ಲಿ, ಆ ಮುದುಕಿ ಮಂಡಿ ನೋಡ್ಸಕ್ಕೆ ಹೋಗ್ಲಿ. ಬಟ್ಟೆ ನಿಮ್ಮಪ್ಪ ಒಗೀತಾನಾ?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಆಸ್ಪತ್ರೆಯ ಸಾಹೇಬರು ಮೂಗಿನ ಮೇಲೆ ಕರವಸ್ತ್ರ ಒತ್ತಿಕೊಂಡು ಕೊನೆಯ ಮೆಟ್ಟಿಲಲ್ಲೇ ನಿಂತರು, ನೆಲಕ್ಕೆ ಇಳಿಯಲಿಲ್ಲ. ನಾಳೆ ಸಂಜೆ ದೊಡ್ಡವರು ಬರುತ್ತಾರೆ, ಪ್ರತಿ ಮಂಚದ ಮೇಲೂ ಇಸ್ತ್ರಿಯಾದ ಬಿಳಿ ಚಾದರ ಇರಬೇಕು, ಬೆಳಿಗ್ಗೆಯೇ ವಾರ್ಡಿನಲ್ಲಿ ಇರುವುದೆಲ್ಲ ಕೆಳಗೆ ಬರುತ್ತದೆ ಎಂದರು. ಅಕ್ಕ ಎರಡು ಹೆಜ್ಜೆ ಮುಂದೆ ಬಂದು ಕೈ ಮುಗಿದಳು.

"ಸ್ವಾಮಿ, ನನ್ನ ತಂಗಿ ಮೇಲಿದ್ದಾಳೆ—"

ಸಾಹೇಬರು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ, ಮೇಸ್ತ್ರಿಯ ಕಡೆ ನೋಡಿ ಹೇಳಿದರು: "ಒಗೆಯೋ ಜನರನ್ನ ಮೇಲೆ ಬಿಡಬೇಡಿ. ಸೋಂಕು ತಗಲುತ್ತೆ."

"ಯಾರಿಂದ ಯಾರಿಗೆ, ಬುದ್ಧೀ?" ಎಂದು ಸೋಪಜ್ಜಿ ಹಬೆಯ ನಡುವಿನಿಂದ ಕೇಳಿದಳು.

ಬೂಟುಗಳು ಮೇಲಕ್ಕೆ ಹೋದವು. ಮೇಸ್ತ್ರಿ ಒದ್ದೆ ಬಟ್ಟೆಯೊಂದನ್ನು ಎತ್ತಿ ಅಜ್ಜಿಯ ಬೆನ್ನಿಗೆ ಬೀಸಿದ.

ಮರುದಿನ ಬೆಳಿಗ್ಗೆ ಕಿಂಡಿ ಚಾದರಗಳನ್ನು ಕಕ್ಕಿತು. ಒಂದು ಬಿಚ್ಚುವಷ್ಟರಲ್ಲಿ ಮೂರು. ಸೋಪಜ್ಜಿ ಕೋಲು ಹಿಡಿದು ಹಂಡೆಯ ಪಕ್ಕ ನಿಂತೇ ಇದ್ದಳು; ಕೋಲಿಗೆ ಕೆಲಸ ಸಿಗಲಿಲ್ಲ.

"ನೋಡ್ರೇ, ಒಂದೂ ಜೋಡಿಗಂಟಿಲ್ಲ ಇವತ್ತು!" ಎಂದಳು. "ದೊಡ್ಡೋರು ಬರ್ತಾರೆ ಅಂತ ಯಮಂಗೂ ರಜ ಕೊಟ್ರೇನೋ."

ಹೆಂಗಸರು ನಕ್ಕರು. ಎಷ್ಟೋ ಕಾಲದ ಮೇಲೆ ಆ ನೆಲಮಾಳಿಗೆಯಲ್ಲಿ ನಗು ಕೇಳಿತು. ಅಕ್ಕ ಮಾತ್ರ ಒಂದೊಂದೇ ಮೂಟೆಯ ಮೂಲೆ ನೋಡುತ್ತಿದ್ದಳು. ಕೊನೆಗೆ ಬಂತು. ಹೂವಿನ ತೇಪೆ, ಒಂದೇ ಗಂಟು. ಎಷ್ಟು ಬಿಗಿಯಾಗಿತ್ತೆಂದರೆ ಉಗುರು ನಾಟಲಿಲ್ಲ. ಅವಳು ಸುತ್ತ ನೋಡಿ, ಗಿಣಿಯ ಹಾಗೇ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ನಿನ್ನ ತಂಗಿ ನಿನ್ನೊಳಗೆ ಬಂದ್ಲಲ್ಲೇ ಅಕ್ಕಾ!" ಎಂದಳು ಅಜ್ಜಿ.

ಅಕ್ಕ ನಕ್ಕಳು. ಕಿಂಡಿಗೆ ತಲೆ ಹಾಕಿ, "ಆಯಮ್ಮಾ, ಇವತ್ತು ಬೈದಳಾ?" ಎಂದು ಕೂಗಿದಳು. ಮೇಲಿನಿಂದ ಯಾರದೋ ಎಳೆಯ ದನಿ, "ಏನು? ಸರೀರಿ ಆಕಡೆ, ಇನ್ನೂ ಇದೆ" ಎಂದಿತು. ಅವಸರದಲ್ಲಿದ್ದಾರೆ ಎಂದುಕೊಂಡಳು. ತೇಪೆಯ ಚಾದರಕ್ಕೆ ಬೇರೆಯವರ ಕೈ ಸೋಕಿಸಲಿಲ್ಲ. ಮೂಲೆಗೆ ಅಂಟಿದ್ದ ಕಂದು ಕಲೆಯನ್ನು, ಒಂದಿಷ್ಟು ಉದ್ದನೆಯ ಕೂದಲನ್ನು ತಾನೇ ತೆಗೆದು, ತಾನೇ ಉಜ್ಜಿ, ತಾನೇ ಹಿಂಡಿ, ತಾನೇ ಇಸ್ತ್ರಿ ಮಾಡಿದಳು. ಬಿಸಿ ಬಟ್ಟೆಯನ್ನು ಒಂದು ಗಳಿಗೆ ಕೆನ್ನೆಗೆ ಒತ್ತಿಕೊಂಡು, ಮಡಿಸಿದವುಗಳ ಸಾಲಿನಲ್ಲಿಟ್ಟಳು.

ಬಿಸಿಲು ಇಳಿಯುವ ಹೊತ್ತಿಗೆ ಸ್ಟ್ರೆಚರ್ ತಳ್ಳುವವನು ಖಾಲಿ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಒಗೆದದ್ದನ್ನು ಮೇಲೆ ಒಯ್ಯಬೇಕಿತ್ತು. ಅಕ್ಕನನ್ನು ಕಂಡವನೇ ಬಾಯಿಯ ಬೀಡಿ ತೆಗೆದ.

"ಇಲ್ಲೇ ಇದ್ದೀಯಲ್ಲಮ್ಮಾ? ನೀನು ಊರಲ್ಲಿಲ್ಲ ಅಂದ್ಕೊಂಡೆ. ಯಾರೂ ಬರ್ಲಿಲ್ಲ ಅಂತ ಮುನ್ಸಿಪಾಲ್ಟಿ ಗಾಡಿಗೆ ಹಾಕಿ ಕಳಿಸ್ಬಿಟ್ರಲ್ಲ."

"ಏನನ್ನ?"

ಅವನು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಸಾಬೂನಿನ ಡಬ್ಬಗಳ ಕಡೆ ತಿರುಗಿದ.

"ಬೆಳಕು ಹರಿಯೋ ಮುಂಚೆ ಹೋದ್ಲಮ್ಮ ನಿನ್ನ ತಂಗಿ. ನಾನೇ ಬಂದು ಇವನ ಕಿವಿಗೆ ಹಾಕಿ ಹೋದ್ನಲ್ಲ. ಮಧ್ಯಾಹ್ನದವರೆಗೂ ಕಾದ್ರು."

ಇಸ್ತ್ರಿಪೆಟ್ಟಿಗೆಯ ಕೆಳಗಿನ ಬಟ್ಟೆ ಸೀದ ವಾಸನೆ ಬಂತು. ಯಾರೂ ಎತ್ತಲಿಲ್ಲ.

"ಮೇಲೆ ಏನಾದ್ರೂ ಹೊದಿಸಿದ್ರಾ?" ಅಕ್ಕ ಕೇಳಿದಳು.

"ಹೊದಿಸಕ್ಕೆ ಎಲ್ಲಿತ್ತು ತಾಯಿ? ಇದ್ದಬದ್ದ ಚಾದರ ಎಲ್ಲಾ ಕೆಳಗೆ ಒಗೆಯಕ್ಕೆ ಬಂದಿತ್ತಲ್ಲ."

ಸೋಪಜ್ಜಿ ಕೋಲನ್ನು ಬಿಗಿಯಾಗಿ ಹಿಡಿದಳು. "ಸುಳ್ಳು. ಅವಳ ಚಾದರ ಒಂದೇ ಗಂಟಲ್ಲಿ ಬಂತು. ನಾನೇ ನೋಡಿದೀನಿ."

"ಹಳೇ ಆಯಾ ನಿನ್ನೆ ರಾತ್ರಿಯಿಂದ ಜ್ವರದಲ್ಲಿ ಬಿದ್ದಿದ್ದಾಳೆ ಅಜ್ಜಿ. ಇವತ್ತು ಹೊಸ ಹುಡುಗಿ. ಅವಳಿಗೇನು ಗೊತ್ತು ನಿಮ್ಮ ಒಂದು ಗಂಟು, ಎರಡು ಗಂಟು?"

"ಹಾಗಾದ್ರೆ ಇವತ್ತು ಬಿದ್ದಿದ್ರಲ್ಲಿ..." ಅಜ್ಜಿ ಮಡಿಸಿಟ್ಟ ಚಾದರಗಳ ಕಡೆ ತಿರುಗಿದಳು. "ಮೇಲೆ ಎಷ್ಟು ಜನ ಹೋದ್ರೋ?"

"ಎಷ್ಟೋ ಜನ."

ಹೆಂಗಸರು ಒಬ್ಬೊಬ್ಬರೇ ತಮ್ಮ ಕೈ ನೋಡಿಕೊಂಡರು. ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದ, ಉಗುರಿನ ಸಂದಿ ಒಡೆದಿದ್ದ ಬರಿಗೈಗಳು. ಅಕ್ಕ ತನ್ನ ತುಟಿ ಮುಟ್ಟಿಕೊಂಡಳು.

"ಅಯ್ಯೋ, ಹೇಳಬಾರದು ಅಂತಲ್ಲಾ," ಮೇಸ್ತ್ರಿ ದನಿ ಏರಿಸಿದ. "ಬೆಳಿಗ್ಗೆನೇ ಹೇಳಿದ್ರೆ ಇವಳು ಎದೆ ಬಡ್ಕೊಂಡು ಕೂರೋಳು, ಇವಳ ಜತೆ ನೀವೂ ಕೂರೋರು. ಕೆಲ್ಸ? ಸಂಜೆ ಹೇಳಿದ್ರಾಯ್ತು ಅಂತಿದ್ದೆ. ಸತ್ತೋಳು ಸಂಜೆಗೆ ಎದ್ದು ಓಡ್ತಾಳಾ? ನಡೀರಿ, ಗಾಡಿ ತುಂಬ್ರೇ! ದೊಡ್ಡೋರು ಬರೋ ಹೊತ್ತಾಯ್ತು."

ಅಕ್ಕ ಅಳಲಿಲ್ಲ. ಮಡಿಸಿದ ಚಾದರಗಳ ಸಾಲಿಗೆ ಹೋದಳು. ತುಂಬಲು ಹೊರಟಳೆಂದು ಮೇಸ್ತ್ರಿ ಉಸಿರು ಬಿಟ್ಟ. ಅವಳು ಮೇಲಿನ ಚಾದರ ಎತ್ತಿ ಕೊಡವಿದಳು. ಇಸ್ತ್ರಿಯ ಮಡಿಕೆಗಳೆಲ್ಲ ಬಿಚ್ಚಿಕೊಂಡವು. ನೆಲದಲ್ಲಿ ಹಾಸಿ, ನಾಲ್ಕು ಮೂಲೆ ಸೇರಿಸಿ ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು. ಪಕ್ಕಕ್ಕೆ ತಳ್ಳಿ ಮುಂದಿನದನ್ನು ಎತ್ತಿದಳು.

"ಏಯ್! ಹುಚ್ಚು ಹಿಡೀತೇನೇ?"

ಸೋಪಜ್ಜಿ ಕೋಲನ್ನು ಗೋಡೆಗೆ ಒರಗಿಸಿ, ಮಂಡಿ ಹಿಡಿದುಕೊಂಡು ಅಕ್ಕನ ಪಕ್ಕ ಕುಳಿತಳು. ಅವಳೂ ಒಂದು ಚಾದರ ಎಳೆದುಕೊಂಡಳು. ಆಮೇಲೆ ಹಿಂಡುವವಳು ಬಂದಳು. ಇಸ್ತ್ರಿಯವಳು ಬಂದಳು. ಮೇಸ್ತ್ರಿ ಒಬ್ಬಳ ಜುಟ್ಟು ಹಿಡಿದು ಎಳೆಯುವಷ್ಟರಲ್ಲಿ ಇನ್ನೊಬ್ಬಳು ಎರಡು ಕಟ್ಟಿರುತ್ತಿದ್ದಳು. ಅವನಿಗೆ ಗೊತ್ತಿದ್ದ ಬೈಗುಳವೆಲ್ಲ ಮುಗಿಯಿತು. ಸ್ಟ್ರೆಚರಿನವನು ಗಾಡಿಯನ್ನು ಮೆಲ್ಲಗೆ ಹೊರಗೆ ತಳ್ಳಿಕೊಂಡು ಹೋಗಿ, ಅಲ್ಲೇ ನಿಂತು ಆರಿದ ಬೀಡಿ ಹಚ್ಚಿದ.

ಕೊನೆಗೆ ನೆಲದ ತುಂಬ ಬಿಳಿ ಮೂಟೆಗಳು. ಎಲ್ಲವೂ ಒಂದೇ ಥರ.

ಮೇಲೆ ಕಾರುಗಳು ನಿಂತ ಸದ್ದಾಯಿತು. ಬಾಗಿಲುಗಳು ದಡದಡ ಮುಚ್ಚಿಕೊಂಡವು.

"ಬಿಚ್ರೇ! ಕಾಲಿಗೆ ಬೀಳ್ತೀನಿ, ಬಿಚ್ರೇ!" ಮೇಸ್ತ್ರಿ ಕೈ ಮುಗಿದ.

"ಜೋಡಿಗಂಟು ಬಿಚ್ಚೋ ರೂಢಿ ನಮಗಿಲ್ಲಪ್ಪ," ಎಂದಳು ಸೋಪಜ್ಜಿ. "ಹಂಡೆಗೆ ಹಾಕೋದಷ್ಟೇ."

"ನಾನೇ ಬಿಚ್ಚಿ ತಗೊಂಡು ಹೋಗ್ತೀನಿ, ಬೋಳಿಮುಂಡೇರಾ!" ಅವನು ಹತ್ತಿರದ ಮೂಟೆಗೆ ಬಾಗಿದ.

"ಬಿಚ್ಚು," ಎಂದಳು ಅಕ್ಕ. ಅವಳ ದನಿ ಅಷ್ಟು ಗಟ್ಟಿಯಾಗಿರುವುದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. "ಇದ್ರಲ್ಲಿ ಒಂದು ನಮ್ಮ ಗಿಣೀದು. ಹಂಡೆ ಕಂಡಿಲ್ಲ. ಮಿಕ್ಕಿದ್ರಲ್ಲೂ ಯಾರ್ಯಾರದು ಇದೆಯೋ, ಅವೂ ಹಂಡೆ ಕಂಡಿಲ್ಲ. ಗಂಟು ಬಿಗಿ ಇದೆ, ಮೇಸ್ತ್ರಿ. ಕೈಗೆ ಬರದಿದ್ರೆ ಹಲ್ಲಲ್ಲಿ ಕಚ್ಚು. ನಾನು ಬೆಳಿಗ್ಗೆ ಹಾಗೇ ಬಿಚ್ಚಿದ್ದು."

ಮೇಸ್ತ್ರಿಯ ಕೈ ಮೂಟೆಯಿಂದ ಗೇಣು ದೂರದಲ್ಲಿ ನಿಂತಿತು. ಬೆರಳುಗಳು ಒಳಕ್ಕೆ ಮಡಿಸಿಕೊಂಡವು. ಮೆಟ್ಟಿಲ ಮೇಲೆ ಬೂಟುಗಳು ಇಳಿಯುತ್ತಿದ್ದವು, ಒಂದಲ್ಲ, ಹಲವು.

ದೊಪ್ಪೆಂದು ಕಿಂಡಿಯಿಂದ ಇನ್ನೊಂದು ಮೂಟೆ ಬಿತ್ತು, ಒಂದೇ ಗಂಟಿನದು. ಉರುಳಿ ಬಂದು ಅಕ್ಕನ ಕಾಲಿಗೆ ತಾಗಿತು. ಅವಳು ಅದನ್ನು ಎತ್ತಿಕೊಳ್ಳಲೂ ಇಲ್ಲ, ಕಾಲು ಹಿಂದಕ್ಕೆ ತೆಗೆಯಲೂ ಇಲ್ಲ.