ರಿಬ್ಬನ್ ಕಟ್ಟಿದ ಏಣಿ

ದೊಡ್ಡ ಅಂಗಡಿಯ ನೆಲಮಾಳಿಗೆಯಲ್ಲಿ, ಬೇಡವಾದ ಸಾಮಾನು ವಾಪಸ್ ಪಡೆಯುವ ಕೌಂಟರಿನಲ್ಲಿ ಕೂರುವವನಿಗೆ ಪ್ರೇಮದ ಬಗ್ಗೆ ಹೆಚ್ಚಿನ ಭ್ರಮೆ ಉಳಿದಿರುವುದಿಲ್ಲ. ಪ್ರೇಮಿಗಳ ದಿನದ ಮರುದಿನ ಊರಿನ ಪ್ರೇಮವೆಲ್ಲ ರಸೀದಿ ಹಿಡಿದು ಅವನ ಮುಂದೆ ಸಾಲುಗಟ್ಟುತ್ತದೆ. ಸೆಂಟು ತಲೆನೋವು ತಂದಿರುತ್ತದೆ. ಸ್ವೆಟರು ತಲೆಯಲ್ಲೇ ಸಿಕ್ಕಿಕೊಂಡಿರುತ್ತದೆ.

ಮನೆಯಲ್ಲೂ ಅವನ ಪಾಡು ಅದೇ. ಅವನು ಕೊಟ್ಟದ್ದನ್ನೆಲ್ಲ ಹೆಂಡತಿ ಒಂದಷ್ಟು ದಿನ ಮೇಜಿನ ಮೇಲಿಟ್ಟು, ಆಮೇಲೆ ಮೆಲ್ಲಗೆ ಯಾರಿಗೋ ದಾಟಿಸುತ್ತಿದ್ದಳು. ಈ ವರ್ಷ ಮೊದಲೇ ಹೇಳಿಬಿಟ್ಟಿದ್ದಳು: "ಈ ಸಲಾನೂ ಹಾಗೇ ಆದ್ರೆ ಈ ಉಡುಗೊರೆ ಗಿಡುಗೊರೆ ಎಲ್ಲಾ ನಿಲ್ಲಿಸಿಬಿಡೋಣ. ಖುಷಿ ಆದವಳ ಹಾಗೆ ನಟಿಸಿ ನಂಗೂ ಸಾಕಾಗಿದೆ."

ವರ್ಷವಿಡೀ ಪ್ರೀತಿಯ ಬಗ್ಗೆ ತುಟಿ ಬಿಚ್ಚದ ಗಂಡಸಿಗೆ ಪ್ರೇಮಿಗಳ ದಿನವೊಂದೇ ಆಸರೆ. ಹಾಗಾಗಿ ತಾನು ಬಲ್ಲ ಒಂದೇ ವಿದ್ಯೆಯನ್ನು ಬಳಸಿದ: ಯಾರೂ ಎಂದೂ ವಾಪಸ್ ತರದ ವಸ್ತು ಯಾವುದು? ತಲೆ ಕೆರೆದುಕೊಂಡು ಕೊನೆಗೂ ಕಂಡುಹಿಡಿದ. ಮಡಚುವ ಅಲ್ಯೂಮಿನಿಯಂ ಏಣಿ.

"ಅಲ್ಲಪ್ಪಾ, ಏಣೀನ ಯಾರೂ ಉಡುಗೊರೆ ಕೊಟ್ಟೇ ಇಲ್ಲ. ಮತ್ತೆ ವಾಪಸ್ ಹೇಗೆ ಬರತ್ತೆ?" ಎಂದಳು ಪಕ್ಕದ ಕೌಂಟರಿನ ಹಿರಿಯ ಕ್ಯಾಷಿಯರಮ್ಮ. ಅವನಿಗದು ಹೊಟ್ಟೆಕಿಚ್ಚಿನ ಮಾತೆನಿಸಿತು. ಏಣಿಗೆ ಕೆಂಪು ರಿಬ್ಬನ್ ಕಟ್ಟಿಸಿಕೊಂಡು ಮನೆಗೆ ಹೋದ.

ಮರುದಿನ ಸಾಲಿನಲ್ಲಿ ಏಣಿ ಬಂತು. ಹಿಂದೆಯೇ, ಅವನಿಗಿಂತ ಒಂದು ಗೇಣು ಎತ್ತರದ ಹೆಂಡತಿ.

"ಹೇಳಿ ಮೇಡಂ," ಎಂದ, ಅಭ್ಯಾಸಬಲದಿಂದ.

"ವಾಪಸ್ ತಗೊಳ್ಳಿ."

"ಕಾರಣ?"

"ಅಟ್ಟದ ಮೇಲಿನ ಡಬ್ಬ ನಮ್ಮನೇಲಿ ಯಾರ ಕೈಗೆ ಸಿಗಲ್ಲ? ನಂಗೋ, ನಿಮಗೋ?"

ಸಾಲು ಕಿಸಕ್ಕೆಂದಿತು. ಅವನು ದನಿ ತಗ್ಗಿಸಿದ. "ಮನೇಲೇ ಮಾತಾಡಬಹುದಿತ್ತಲ್ಲೇ."

"ಮನೇಲಿ ನೀವೆಲ್ಲಿ ಕೇಳ್ತೀರಿ? ಇಲ್ಲಾದ್ರೆ ಕಾರಣ ಕೇಳೋಕೆ ಸಂಬಳ ಕೊಡ್ತಾರೆ."

"ಸರಿ, ದುಡ್ಡೇ ವಾಪಸ್ ಕೊಡ್ಲಾ?"

ಸಾಲಿಗೆ ಸಾಲೇ ನಿಟ್ಟುಸಿರಿಟ್ಟಿತು. ಹಿಂದಿದ್ದ ಮುದುಕರೊಬ್ಬರಿಗೆ ತಡೆಯಲಾಗಲಿಲ್ಲ. "ಏನ್ರೀ ನೀವು, ಕಟ್ಟಿಕೊಂಡವಳಿಗೆ ಏನಿಷ್ಟ ಅಂತಾನೂ ಗೊತ್ತಿಲ್ವಾ?"

"ನಿಮ್ಮ ಕೈಲೇನಿದೆ ಯಜಮಾನ್ರೇ?"

ಯಜಮಾನರು ಸೆಂಟಿನ ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದರು.

ಅವನು ಏಣಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಗೊತ್ತಿಲ್ಲ ಕಣೇ. ನಿಜವಾಗ್ಲೂ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಕೇಳಿ."

"ಕೇಳಿ ತಂದ್ರೆ ಅದು ಉಡುಗೊರೆ ಹೇಗಾಗತ್ತೆ?"

"ಏಣಿಯಂತೂ ಆಗಲ್ಲ. ಅಷ್ಟಾದ್ರೆ ಸಾಕು."

ಅವನು ಎದ್ದು, 'ಕೌಂಟರ್ ಮುಚ್ಚಿದೆ' ಎಂಬ ಫಲಕವಿಟ್ಟು ಹೊರಗೆ ಬಂದ. ಸಾಲು ಗೊಣಗಿತು, ಮ್ಯಾನೇಜರನ್ನು ಕರೆಯುತ್ತೇವೆಂದಿತು. ಅವನು ಕಿವಿಗೆ ಹಾಕಿಕೊಳ್ಳದೆ ಹೆಂಡತಿಯ ಹಿಂದೆ ಮೆಟ್ಟಿಲು ಹತ್ತಿದ. ಯಜಮಾನರು ಏಣಿ ಬಿಡಿಸಿ ಅದರ ಮೇಲೆಯೇ ಕೂತರು.

ಮೇಲಿನಿಂದ ಮಾತು ಕೇಳಿಬರುತ್ತಿತ್ತು.

"ಚಪ್ಪಲಿ?"

"ಅಲ್ಲ."

"ಕೊಡೆ? ಕೈಚೀಲ?"

"ನೀವು ಕೇಳ್ತಿದ್ದೀರೋ, ಬಾಯಿಗೆ ಬಂದದ್ದು ಹೇಳ್ತಿದ್ದೀರೋ?"

ಕೆಳಗೆ ಸಾಲು ಮೆಟ್ಟಿಲಿನತ್ತ ಕಿವಿಗೊಟ್ಟಿತು.

"ಸರಿ ಕಣೇ. ಏನು ಬೇಕು ನಿನಗೆ?"

ಅವಳು ಹೇಳತೊಡಗಿದಳು. ಬೇಗ ಮುಗಿಯುವ ಲಕ್ಷಣವೇನೂ ಕಾಣಲಿಲ್ಲ.