ಅರ್ಧ ಟಿಕೆಟ್ಟಿನವರು

ಫಿನಾಯಿಲ್ ನೀರಿನಲ್ಲಿ ಅದ್ದಿ ಅದ್ದಿ ಕಡ್ಡಕ್ಕನ ಬೆರಳ ಸಂದಿಗಳೆಲ್ಲ ಬಿರಿದಿದ್ದವು. ಅದೇ ಬೆರಳುಗಳಿಂದ ಅವಳು ಪ್ರತಿ ಭಾನುವಾರ ತಲೆಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಬಣ್ಣ ಬಿರುಕಿಗಿಳಿದು ಚುರುಗುಟ್ಟುತ್ತಿತ್ತು. ಚಂದ ಕಾಣಬೇಕೆಂಬ ಚಪಲ ಅವಳಿಗೆ ಯಾವತ್ತೋ ಸತ್ತಿತ್ತು. ಕಿವಿಯ ಹಿಂದೆ ಒಂದು ಬಿಳಿ ಕೂದಲು ಕಂಡರೂ ಕೆಲಸ ಹೋದೀತೆಂಬ ಹೆದರಿಕೆ, ಅಷ್ಟೆ.

ಮೈ ಕಡ್ಡಿಯ ಹಾಗಿದ್ದಳು, ಅದಕ್ಕೇ ಎಲ್ಲರಿಗೂ ಕಡ್ಡಕ್ಕ. ವಯಸ್ಸು ಅರವತ್ತಾರು. ಆದರೆ ಅವಳು ನೆಲ ಒರೆಸುವ ಗಾಜಿನ ಕಟ್ಟಡದಲ್ಲಿ ಐವತ್ತೈದು. ಅಲ್ಲಿ ಕ್ಲೀನಿಂಗ್ ಗುತ್ತಿಗೆ ಹಿಡಿದ ಕಂಪನಿಯಲ್ಲಿ ಅರವತ್ತು ದಾಟಿದವರನ್ನು ಇಟ್ಟುಕೊಳ್ಳುವುದಿಲ್ಲ. ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರ್ ವಯಸ್ಸು ಕೇಳಿದ್ದ. ಅವಳು ಬಾಯಿಗೆ ಬಂದದ್ದು ಹೇಳಿದ್ದಳು. ಅವನು ಅವಳ ಮುಖ ನೋಡಿ, ಒಂದು ನಗೆ ನಕ್ಕು, ಹೇಳಿದ್ದನ್ನೇ ಬರೆದುಕೊಂಡಿದ್ದ. ಬಗ್ಗಲು ಬರುವ ಬೆನ್ನು ಬೇಕಿತ್ತು ಅವನಿಗೆ. ಆ ಬೆನ್ನಿಗೆ ಎಷ್ಟು ವರ್ಷವಾದರೇನು?

ಬಸ್ ಕಾರ್ಡು ಮಾಡಿಸಿದ್ದು ಅವಳ ಗಂಡನ ಹಠ. ಅವನು ಒಂದು ಕಾಲದಲ್ಲಿ ಊರವರ ಗೋಡೆಗಳಿಗೆಲ್ಲ ಬಣ್ಣ ಬಳಿದವನು. ಹಳೆ ಬಣ್ಣ ಉಜ್ಜಿದ ಧೂಳೆಲ್ಲ ಎದೆಗಿಳಿದು ಈಗ ಕಿಟಕಿ ಪಕ್ಕದ ಮಂಚ ಬಿಟ್ಟು ಏಳುವ ಹಾಗಿರಲಿಲ್ಲ. ಬಾಯಿಗೆ ಹಿಡಿದು ಒತ್ತಿ ಸೇದುವ ಔಷಧಿಯ ಡಬ್ಬಿ ಸದಾ ದಿಂಬಿನ ಪಕ್ಕದಲ್ಲಿರಬೇಕು. ಅದರ ಬೆಲೆ ಮಾತ್ರ ಕೇಳಬಾರದು.

"ಅರವತ್ತೈದು ದಾಟಿದವರಿಗೆ ಬಸ್ಸಲ್ಲಿ ಅರ್ಧ ಟಿಕೆಟ್ಟು ಕಣೇ. ಎಲ್ಲರಿಗೂ ಕೊಡ್ತಿದ್ದಾರೆ. ನೀನೊಬ್ಬಳು ಯಾಕೆ ಬಿಡ್ತೀಯ?"

"ಕೆಲಸದ ಕಡೆಯವರು ಯಾರಾದ್ರೂ ನೋಡಿದ್ರೆ?"

"ಆ ನೂಕುನುಗ್ಗಲಲ್ಲಿ ಯಾರು ಯಾರನ್ನ ನೋಡ್ತಾರೆ? ಅವರವರ ಕಾಲು ಅವರಿಗೆ ಸಿಕ್ಕಿದ್ರೆ ಸಾಕಾಗಿರುತ್ತೆ."

ಕಾರ್ಡು ಬಂತು. ಮೊದಲ ದಿನವೇ ಕಂಡಕ್ಟರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಯಾರದಮ್ಮ ಇದು? ನಿಮ್ಮಮ್ಮನದಾ?"

"ನನ್ನದೇಪ್ಪ."

"ತಲೆ ನನಗಿಂತ ಕಪ್ಪಗಿದೆ."

ಸುತ್ತ ನಿಂತವರು ನಕ್ಕರು. ಕಡ್ಡಕ್ಕ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಅವನ ಮುಂದೆ ತಲೆ ಬಗ್ಗಿಸಿ, "ಬುಡ ನೋಡಪ್ಪ" ಎಂದಳು. ಅವನು ನೋಡಿ ಅರ್ಧ ಟಿಕೆಟ್ ಹರಿದುಕೊಟ್ಟ. ಅವಳಿಗೆ ಮೈಮೇಲಿನ ಬಟ್ಟೆಯನ್ನೇ ಬಿಚ್ಚಿ ತೋರಿಸಿದಷ್ಟು ನಾಚಿಕೆಯಾಯಿತು. ಅಂದಿನಿಂದ ಬಸ್ಸು ಹತ್ತುವಾಗ ಬೆನ್ನು ಬಗ್ಗಿಸಿ ಎರಡು ಸಲ ಕೆಮ್ಮುವುದನ್ನು ರೂಢಿ ಮಾಡಿಕೊಂಡಳು. ಕಟ್ಟಡದ ಮುಂದೆ ಇಳಿದ ಕೂಡಲೇ ಬೆನ್ನು ನೆಟ್ಟಗೆ ಮಾಡಿ ಸರಸರ ನಡೆಯುತ್ತಿದ್ದಳು. ಬಸ್ಸಿನಲ್ಲಿ ಮುದುಕಿ ಅಂತ ಸಾಬೀತು ಮಾಡಬೇಕು, ಕೆಲಸದಲ್ಲಿ ಮುದುಕಿಯಲ್ಲ ಅಂತ ಸಾಬೀತು ಮಾಡಬೇಕು. ಬಡವರಿಗೆ ವಯಸ್ಸಾಗುವುದೂ ಒಂದು ಕೆಲಸವೇ.

ಒಂದು ದಿನ ಸೂಪರ್‌ವೈಸರನ ಬೈಕು ಕೆಟ್ಟಿತು. ಅವನು ಅದೇ ಬಸ್ಸು ಹತ್ತಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಅವಳು ಕೆಮ್ಮಿ, ಕಾರ್ಡು ತೋರಿಸಿ, ಚೀಟಿ ಇಸಿದುಕೊಂಡು ಹಿಂದಕ್ಕೆ ತಿರುಗಿದರೆ ಅವನ ಮುಖ. ಅವನು ಏನೂ ಕಾಣದವನಂತೆ ಕಿಟಕಿಯ ಆಚೆ ನೋಡುತ್ತಿದ್ದ.

ನೆಲಮಾಳಿಗೆಯಲ್ಲಿ ಬಕೆಟ್ಟು, ಮಾಪು ಇಡುವ ಕೋಣೆಗೆ ಅವಳನ್ನು ಕರೆಸಿದ. ಟೀ ಕುಡಿಯುತ್ತಿದ್ದ. ಅವಳನ್ನು ನಿಲ್ಲಿಸಿಕೊಂಡೇ ಪೂರ್ತಿ ಕುಡಿದ.

"ಕೈಯಲ್ಲಿ ಏನೋ ಕಾರ್ಡಿತ್ತಲ್ಲಮ್ಮ?"

ಕಡ್ಡಕ್ಕ ಕಾರ್ಡಿಟ್ಟಿದ್ದ ಸೊಂಟದ ಚೀಲವನ್ನು ಸೆರಗಿನಿಂದ ಮುಚ್ಚಿದಳು.

"ರೂಲ್ಸ್ ಪ್ರಕಾರ ಇವತ್ತೇ ತೆಗೀಬೇಕು ನಿಮ್ಮನ್ನ. ಸುಳ್ಳು ವಯಸ್ಸು ಬರೆಸಿದ್ದೀರ ಅಂತ ಪೊಲೀಸಿಗೂ ಕೊಡಬಹುದು."

"ಮನೇಲಿ ಅವರು ಹಾಸಿಗೆ ಹಿಡಿದಿದ್ದಾರೆ ಸಾರ್. ಹೊಟ್ಟೆ ಮೇಲೆ ಹೊಡೀಬೇಡಿ."

"ನನಗೂ ತಾಯಿ ಇದ್ದಾಳೆ, ನಾನೇನು ರಾಕ್ಷಸನಾ?" ಅವನು ಲೋಟ ಕೆಳಗಿಟ್ಟ. "ಒಂದು ಕೆಲಸ ಮಾಡೋಣ. ಬಸ್ಸಿನವರು ನಿಮ್ಮನ್ನ ಅರ್ಧ ಅಂತ ತಾನೇ ಹಿಡಿದಿರೋದು? ನಾನೂ ಅರ್ಧ ಹಿಡೀತೀನಿ. ಸಂಬಳಕ್ಕೆ ಪೂರ್ತಿ ಅಂತ ರುಜು ಹಾಕಿ, ಅರ್ಧ ತಗೊಳ್ಳಿ. ಇನ್ನರ್ಧ ಮೇಲಿನವರ ಬಾಯಿ ಮುಚ್ಚೋಕೆ ಬೇಕು. ಯಾರ ಹತ್ರಾನೂ ಉಸಿರೆತ್ತಬೇಡಿ. ಎತ್ತಿದ್ರೆ ನಿಮಗೇ ತೊಂದರೆ."

"ನಿಮ್ಮ ಉಪಕಾರ ಮರೆಯಲ್ಲ ಸಾರ್" ಎಂದಳು ಕಡ್ಡಕ್ಕ.

ಹೌದು, ಹಾಗೇ ಎಂದಳು. ಜೇಬು ಕತ್ತರಿಸಿದವನನ್ನು ಹರಸಿ ಮೇಲೆ ಹತ್ತಿ ಬಂದು ಎಂದಿನಂತೆ ಪೂರ್ತಿ ನೆಲ ಒರೆಸಿದಳು. ಸಂಬಳ ಅರ್ಧವಾಯಿತೆಂದು ಯಾವ ಕಕ್ಕಸೂ ಅರ್ಧವಾಗಲಿಲ್ಲ.

ಮನೆಯಲ್ಲಿ ಮುಚ್ಚಿಡಲು ಆಗಲಿಲ್ಲ. ಗಂಡ ಎದ್ದು ಕೂತ.

"ನೀನು ಹೂಂ ಅಂದ್ಯಾ?"

"ಇನ್ನೇನು ಮಾಡ್ಲಿ? ನಿಮ್ಮ ಎದೆ ಕೇಳುತ್ತಾ?"

"ಎಲ್ಲ ಈ ಹಾಳು ಕಾರ್ಡಿಂದ. ನಾನೇ ಹೇಳಿ ಮಾಡಿಸಿದೆ."

"ಸುಮ್ಮನಿರಿ. ಕಾರ್ಡು ಏನು ಮಾಡುತ್ತೆ ಪಾಪ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಮರುದಿನದಿಂದ ತುಂಬ ಗೆಲುವಾಗಿದ್ದ. ಉಸಿರಾಟ ಸಲೀಸಾಗಿದೆ, ಹವೆ ಬದಲಾಗಿದೆ, ಎಂದೆಲ್ಲ ಹೇಳುತ್ತಿದ್ದ. ತಿಂಗಳ ಕೊನೆಯಲ್ಲಿ ಡಬ್ಬಿ ಖಾಲಿಯಾಗಿರಬೇಕು ಅಂತ ಕಡ್ಡಕ್ಕ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಇನ್ನೂ ಔಷಧಿ. ಅವನು ಬೆಳಿಗ್ಗೆಯದು ಸೇದಿ ಸಂಜೆಯದು ಬಿಡುತ್ತಿದ್ದ. ಅವಳು ಬರುವ ಹೊತ್ತಿಗೆ ಏದುಸಿರು ಅಡಗಿಸಿಕೊಂಡು ನಗುತ್ತಿದ್ದ. ಅವನಿಗೂ ಅರ್ಧ ಉಸಿರೇ ಗತಿಯಾಗಿತ್ತು. ಕಡ್ಡಕ್ಕ ಅವತ್ತು ಒಲೆಯ ಮುಂದೆ ನಿಂತು ಸದ್ದಿಲ್ಲದೆ ಅತ್ತಳು. ಅಳುವಿಗಿಂತ ಸಿಟ್ಟು ಹೆಚ್ಚಿತ್ತು. ಯಾರ ಮೇಲೆ ಕಾರಬೇಕೆಂದು ಮಾತ್ರ ಗೊತ್ತಾಗಲಿಲ್ಲ.

ಅದು ಗೊತ್ತಾದದ್ದು ಟಿಕೆಟ್ ಚೆಕ್ ಮಾಡುವವನಿಂದ.

ಅವತ್ತು ಬೆಳಿಗ್ಗೆ ಬಸ್ಸಿನಲ್ಲಿ ಜೊತೆ ಕೆಲಸದ ಹೆಂಗಸರಿಬ್ಬರು ಇದ್ದರು. ಮುಂದಿನ ಸೀಟಿನಲ್ಲಿ ಗುಂಡಮ್ಮ, ಹೆಸರಿಗೆ ತಕ್ಕ ಮೈ. ಬಾಗಿಲ ಹತ್ತಿರ ಕಂಬ ಹಿಡಿದು ನಿಂತವಳು ಬೆಳ್ಳಿಹಲ್ಲಿನವಳು. ಮೂವರೂ ಒಬ್ಬರನ್ನೊಬ್ಬರು ನೋಡಿ ನಕ್ಕು ದೂರ ದೂರವೇ ಉಳಿದಿದ್ದರು. ಯಾಕೋ ಮೂವರಿಗೂ ಬಸ್ಸಿನಲ್ಲಿ ಅಕ್ಕಪಕ್ಕ ಕೂರುವ ಅಭ್ಯಾಸವಿರಲಿಲ್ಲ. ಕಟ್ಟಡಕ್ಕೆ ಒಂದು ನಿಲ್ದಾಣ ಇರುವಾಗ ಚೆಕ್ಕಿಂಗಿನವನು ಹತ್ತಿದ.

"ಅರ್ಧ ಟಿಕೆಟ್ಟಿನವರೆಲ್ಲ ಕಾರ್ಡ್ ತೋರಿಸಿ. ಇಲ್ಲ ಅಂದ್ರೆ ದಂಡ."

ಗುಂಡಮ್ಮ ಚೀಲದಲ್ಲಿ ಏನೋ ಹುಡುಕುವ ನಾಟಕ ಮಾಡಿದಳು. ಬೆಳ್ಳಿಹಲ್ಲಿನವಳು ರಸ್ತೆ ನೋಡತೊಡಗಿದಳು. ಚೆಕ್ಕಿಂಗಿನವನು ಅವಳ ಕೈಯಲ್ಲಿದ್ದ ಚೀಟಿ ನೋಡಿ, "ಅಜ್ಜಿ, ನಿಮಗೇ ಹೇಳ್ತಿರೋದು" ಎಂದ. ಆಮೇಲೆ ಗುಂಡಮ್ಮನಿಗೂ ಹೇಳಿದ. ಕಡ್ಡಕ್ಕನಿಗೂ ಹೇಳಿದ. ಮೂರು ಕಾರ್ಡುಗಳು ಹೊರಬಂದವು. ಅವನು ಗಟ್ಟಿಯಾಗಿ ವಯಸ್ಸು ಓದಿದ. ಗುಂಡಮ್ಮನಿಗೆ ಅರವತ್ತೆಂಟು.

ಮೂವರೂ ಒಟ್ಟಿಗೇ ಬಸ್ಸು ಇಳಿದರು.

"ಏನೇ, ನನಗಿಂತ ಎರಡು ವರ್ಷ ದೊಡ್ಡವಳು ನೀನು" ಎಂದಳು ಕಡ್ಡಕ್ಕ. "ಇಷ್ಟು ವರ್ಷ ನನ್ನನ್ನೇ ಅಕ್ಕ ಅಕ್ಕ ಅಂತಿದ್ದೆ. ನೀನು ದೊಡ್ಡವಳು, ನೀನೇ ಹೋಗಿ ರಜ ಕೇಳಕ್ಕ ಅಂತ ಅವನ ಮುಂದೆ ನನ್ನನ್ನ ತಳ್ತಿದ್ದೆ."

"ಅಕ್ಕ ಅಂದ್ರೆ ಬೇಜಾರಾ ನಿನಗೆ?" ಎಂದು ಗುಂಡಮ್ಮ ಪೆಚ್ಚುಪೆಚ್ಚಾಗಿ ನಕ್ಕಳು. ಬೆಳ್ಳಿಹಲ್ಲಿನವಳು ನಗು ತಡೆಯಲಾಗದೆ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತೇಬಿಟ್ಟಳು. ಮೂವರೂ ನಕ್ಕರು. ನಗುವುದು ಮುಗಿದ ಮೇಲೆ ಬೆಳ್ಳಿಹಲ್ಲಿನವಳೇ ಮೆಲ್ಲಗೆ ಕೇಳಿದಳು.

"ಸೂಪರ್‌ವೈಸರಿಗೆ ಗೊತ್ತಾ ನಿಮ್ಮದು?"

ಗುಂಡಮ್ಮ ನೆಲ ನೋಡಿದಳು. ಹೇಳಬಾರದೆಂದು ಅವಳ ಬಾಯಿಗೂ ಬೀಗ ಬಿದ್ದಿತ್ತು.

"ನನಗೆ ಅರ್ಧ ಕೊಡ್ತಾನೆ" ಎಂದಳು ಕಡ್ಡಕ್ಕ. ಯಾರಾದರೊಬ್ಬರು ಹೇಳಲೇಬೇಕಿತ್ತು.

"ನನಗೂ."

"ನನಗೂ ಅಷ್ಟೇ. ತಾಯಿ ಇದ್ದಾಳೆ ಅಂದನಾ?"

"ಅಂದ."

"ಹೋದ ತಿಂಗಳು ಒಂದು ವಾರ ಪೂರ್ತಿ ಬಸ್ಸಲ್ಲೇ ಬಂದ" ಎಂದಳು ಬೆಳ್ಳಿಹಲ್ಲಿನವಳು. "ಬೈಕು ರಿಪೇರಿಯಾಗಿ ನಮ್ಮ ಬೀದೀಲೇ ಅವನ ಮನೆ ಮುಂದೆ ನಿಂತಿದೆ, ಇವನು ಯಾಕೆ ಬಸ್ಸಲ್ಲಿ ನೇತಾಡ್ತಾನೆ ಅಂದ್ಕೊಂಡಿದ್ದೆ."

ಮೂವರಿಗೂ ಅರ್ಥವಾಯಿತು. ಅವನು ತಾನು ಪೂರ್ತಿ ಟಿಕೆಟ್ ಕೊಟ್ಟು, ಬಸ್ಸಿನಲ್ಲಿ ನಿಂತು, ಯಾರ ಕೈಯಲ್ಲಿ ಕಾರ್ಡಿದೆಯೆಂದು ಒಬ್ಬೊಬ್ಬರನ್ನೇ ಆರಿಸಿಕೊಂಡಿದ್ದ. ಮುದುಕರಿಗೆ ಅನುಕೂಲವಾಗಲೆಂದು ಕೊಟ್ಟ ಕಾರ್ಡು ಅವನಿಗೆ ಆದಷ್ಟು ಅನುಕೂಲ ಯಾರಿಗೂ ಆಗಿರಲಿಲ್ಲ.

"ಕೇಳೋಣ ಅಂದ್ರೆ ತೆಗೆದುಹಾಕ್ತಾನೆ" ಎಂದಳು ಗುಂಡಮ್ಮ. ಅವಳ ಕಣ್ಣು ತುಂಬಿತ್ತು.

ಕಡ್ಡಕ್ಕನಿಗೆ ಕಿವಿಯಲ್ಲಿ ಡಬ್ಬಿ ಅಲ್ಲಾಡಿದ ಸದ್ದು ಕೇಳಿತು. ಸಿಟ್ಟು ಯಾರ ಮೇಲೆ ಕಾರಬೇಕೆಂದು ಈಗ ಗೊತ್ತಿತ್ತು.

"ಕೇಳೋದು ಬೇಡ. ಅವನು ಹೇಳಿದ ಹಾಗೇ ಮಾಡೋಣ. ನಾವು ಅರ್ಧ ತಾನೇ? ಅರ್ಧ ಕೆಲಸ ಮಾಡೋಣ."

ಕಟ್ಟಡದ ಕೆಳಗಿನ ದೊಡ್ಡ ಹಜಾರ ಮೂವರದ್ದೂ. ಬಾಗಿಲಿಂದ ಲಿಫ್ಟಿನವರೆಗೆ ಬಿಳಿ ಕಲ್ಲಿನ ನೆಲ. ರಾತ್ರಿ ಕೆಲಸದವರು ತುಳಿದ ಕೆಸರಿನ ಹೆಜ್ಜೆಗಳು ಬಿದ್ದಿದ್ದವು. ಮೂವರೂ ನೀರು ತುಂಬಿಸಿಕೊಂಡು ಬಲಗಡೆ ಅರ್ಧವನ್ನು ಮುಖ ಕಾಣುವ ಹಾಗೆ ಉಜ್ಜಿದರು. ಎಡಗಡೆಗೆ ಒಂದು ಹನಿ ಹಾರಿಸಲಿಲ್ಲ. ಗಾಜಿನ ಬಾಗಿಲನ್ನು ಅರ್ಧ ಒರೆಸಿದರು. ಕನ್ನಡಿ ಅರ್ಧ, ಮೆಟ್ಟಿಲು ಅರ್ಧ. ಇಷ್ಟು ಅಚ್ಚುಕಟ್ಟಾಗಿ ಅವರು ಯಾವತ್ತೂ ಕೆಲಸ ಮಾಡಿರಲಿಲ್ಲ. ಆಮೇಲೆ ಮಾಪುಗಳನ್ನು ಗೋಡೆಗೆ ಒರಗಿಸಿ, ಕೊಳಕು ನೆಲದ ಮೇಲೆ ಕಾಲು ಚಾಚಿ ಕೂತರು.

ಸೂಪರ್‌ವೈಸರ್ ಬಾಗಿಲಲ್ಲೇ ನಿಂತುಬಿಟ್ಟ.

"ಏನಿದು?"

"ಅರ್ಧ ಸಾರ್" ಎಂದಳು ಕಡ್ಡಕ್ಕ.

"ತಲೆ ಕೆಟ್ಟಿದೆಯಾ? ಏಳಿ ಮೇಲೆ. ನಿಮ್ಮ ವಯಸ್ಸು ಬಾಯಿಬಿಟ್ಟರೆ ಮೂವರೂ ಬೀದೀಲಿರ್ತೀರ."

"ನಾವೇ ಬಿಡ್ತೀವಿ ಬಿಡಿ. ನಿಮಗ್ಯಾಕೆ ಶ್ರಮ."

ಅಷ್ಟರಲ್ಲಿ ಕಟ್ಟಡದ ಮ್ಯಾನೇಜರು ಒಳಬಂದರು. ಕಡ್ಡಕ್ಕ ಮೊಣಕಾಲಿಗೆ ಕೈಯೂರಿ ಎದ್ದು, ಕಾರ್ಡನ್ನು ಅವರ ಮುಂದೆ ಹಿಡಿದಳು. ಕೆಮ್ಮಲಿಲ್ಲ.

"ಸಾರ್, ನನಗೆ ಅರವತ್ತಾರು. ಈ ಗುಂಡಮ್ಮನಿಗೆ ಅರವತ್ತೆಂಟು, ಆ ಕಡೆಯವಳಿಗೂ ಅರವತ್ತೈದು ದಾಟಿದೆ. ಇದು ನಮ್ಮ ಸೂಪರ್‌ವೈಸರಿಗೆ ಗೊತ್ತು. ಗೊತ್ತಿದ್ದೇ ಅರ್ಧ ಸಂಬಳ ತಾವಿಟ್ಕೊಂಡು ಅರ್ಧ ಕೊಡ್ತಿದ್ದಾರೆ."

ಮ್ಯಾನೇಜರು ಕಾರ್ಡು ನೋಡಿದರು. ಸೂಪರ್‌ವೈಸರನ್ನು ನೋಡಿದರು. ಆಮೇಲೆ ನೆಲ ನೋಡಿದರು. ನೆಲ ನೋಡಿದಾಗಲೇ ಅವರ ಮುಖ ಸಿಂಡರಿಸಿತು.

"ಇದೆಲ್ಲ ಗುತ್ತಿಗೆಯವರ ವಿಷಯ, ನನಗೆ ಸಂಬಂಧ ಇಲ್ಲ. ಇನ್ನೊಂದು ಗಂಟೆಗೆ ಹೊರಗಿನಿಂದ ದೊಡ್ಡವರು ಬರ್ತಿದ್ದಾರೆ. ನೆಲ ಒಣಗಿರಬೇಕು."

ಹೇಳಿ, ಶುಭ್ರವಾಗಿದ್ದ ಅರ್ಧದ ಮೇಲೆ ನಡೆದು ಲಿಫ್ಟು ಹತ್ತಿದರು. ಅವರ ಹಿಂದೆ ಬಂದ ಆಫೀಸಿನವರೂ ಅದೇ ಅರ್ಧ ಹಿಡಿದರು. ಒಬ್ಬರ ಹಿಂದೊಬ್ಬರು, ಷೂ ಕೊಳೆಯಾಗದ ಹಾಗೆ ಜೋಪಾನವಾಗಿ. ಯಾಕೆ ಹೀಗೆ ಅಂತ ಒಬ್ಬರೂ ಕೇಳಲಿಲ್ಲ. ಕಡ್ಡಕ್ಕ ಮತ್ತೆ ಕೂತು ಅವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಇವರೆಲ್ಲರ ಮೇಜಿನ ಕೆಳಗೆ ಅವಳು ವರ್ಷಗಟ್ಟಲೆ ಬಗ್ಗಿದ್ದಳು.

ಸೂಪರ್‌ವೈಸರ್ ಇಂಗು ತಿಂದ ಮಂಗನಂತೆ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಬೆಳ್ಳಿಹಲ್ಲಿನವಳ ಹತ್ತಿರ ಬಂದು ದನಿ ತಗ್ಗಿಸಿದ.

"ನೀನು ಒರೆಸಿಬಿಡಮ್ಮ. ನಿನಗೆ ಪೂರ್ತಿ ಕೊಡ್ತೀನಿ."

ಅವಳು ಕಡ್ಡಕ್ಕನಿಗೆ ಇನ್ನಷ್ಟು ಒತ್ತಿಕೊಂಡು ಕೂತಳು, ಅಷ್ಟೆ.

ಲಿಫ್ಟು ಒರೆಸುವವಳು ಮೇಲಿಂದ ಬಕೆಟ್ಟು ಹಿಡಿದು ಇಳಿದಳು. ಅವಳಿಗೆ ನಿಜವಾಗಿಯೂ ನಲವತ್ತರ ಆಸುಪಾಸು, ಸಂಬಳ ಪೂರ್ತಿಯೇ ಬರುತ್ತಿತ್ತು. ಸೂಪರ್‌ವೈಸರ್ ಬೆರಳು ತೋರಿಸಿ, "ಆ ಕಡೆ ಒರೆಸು, ಬೇಗ" ಎಂದ. ಅವಳು ಏನು ವಿಷಯವೆಂದು ಗುಂಡಮ್ಮನನ್ನು ಕೇಳಿದಳು. ಗುಂಡಮ್ಮ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವಳು ಬಕೆಟ್ಟು ಕೆಳಗಿಟ್ಟಳು.

"ನನಗೂ ಒಂದು ದಿನ ಅರವತ್ತಾಗುತ್ತೆ ಸಾರ್."

ಅವಳೂ ಬಂದು ಕೂತಳು.

ಗಡಿಯಾರ ಯಾರಿಗೂ ಕಾಯುತ್ತಿರಲಿಲ್ಲ. ಸೂಪರ್‌ವೈಸರ್ ಬಾಗಿಲು ನೋಡಿದ, ಲಿಫ್ಟು ನೋಡಿದ. ಕೊನೆಗೆ ಪ್ಯಾಂಟು ಮಡಚಿ ತಾನೇ ಮಾಪು ಕೈಗೆತ್ತಿಕೊಂಡ. ಹಿಡಿಯಲು ಬರುತ್ತಿರಲಿಲ್ಲ. ನೀರು ಹಿಂಡದೆ ಎಳೆದು ಕೆಸರನ್ನು ಇನ್ನಷ್ಟು ಹರಡಿದ. ಬೆನ್ನು ಬಗ್ಗಿಸಿ, ಬೆವರುತ್ತ, ಒರೆಸುತ್ತ ಒರೆಸುತ್ತ ನಾಲ್ವರು ಕೂತಲ್ಲಿಗೆ ಬಂದ.

ನಾಳೆ ಕೆಲಸವಿಲ್ಲವೆಂದು ಕಡ್ಡಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಔಷಧಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಆದರೂ ಕೂತ ಜಾಗದಿಂದ ಅಲ್ಲಾಡಲಿಲ್ಲ.

"ಕಾಲು ಎತ್ತಿ" ಎಂದ ಅವನು.

ಅವಳು ಎತ್ತಲಿಲ್ಲ.

"ಬಳಸ್ಕೊಂಡು ಒರೆಸಿ ಸಾರ್" ಎಂದಳು. "ಯಾರೂ ಕಾಲು ಎತ್ತಲ್ಲ. ನಾವು ಹಾಗೇ ಒರೆಸ್ತಿದ್ವಿ."