ಸೂರ್ಯನ ಕಡೆಗೆ ತಿರುಗಿದ ದುರ್ಬೀನು

ಎಡಗಾಲಿಗೆ ಬೂಟು ಹತ್ತಲೊಲ್ಲದು. ಕರುಣಾಕರ ಮಂಡಿಯೂರಿ ಕುಳಿತು, ಹಿಮ್ಮಡಿಯ ಹಿಂದೆ ಬೆರಳು ತೂರಿಸಿ ಇನ್ನೊಮ್ಮೆ ತಳ್ಳಿದ. ಮಣಿಪಾಲದ ಆಸ್ಪತ್ರೆಯಿಂದ ಬೆಳಿಗ್ಗೆ ತಂದ ದೇಹ. ಇಮ್ಯಾನುಯೆಲ್‌ನ ಪಾದಗಳು ಬಾತುಹೋಗಿದ್ದವು.

“ಬಿಡಿ ಕರುಣಾಕರಣ್ಣ, ಕಾಲುಚೀಲ ಸಾಕು,” ಎಂದಳು ಸತ್ತವನ ಹೆಂಡತಿ ಬರ್ತಾ. “ನಾಲ್ಕು ವರ್ಷದಿಂದ ಅವರು ಬೂಟು ಹಾಕಿದ್ದೇ ಇಲ್ಲ.”

ನಾಲ್ಕು ವರ್ಷ ಎಂದದ್ದೇ ಕರುಣಾಕರನ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ಅವನದು. ಕಾರ್ಕಳದಿಂದ ಮೊದಲ ಬಸ್ಸು ಹಿಡಿದು ಬಂದವನು ಉದ್ಯಾವರದ ಈ ಮನೆಯಲ್ಲಿ ಸಿಕ್ಕಿದ ಕೆಲಸಕ್ಕೆಲ್ಲ ಕೈ ಹಾಕುತ್ತಿದ್ದ. ಸುಮ್ಮನೆ ಕೂತರೆ ಇಮ್ಯಾನುಯೆಲ್‌ನ ಮುಖ ನೋಡಬೇಕಾಗುತ್ತಿತ್ತು.

ಕಾಪುವಿನಿಂದ ಸತ್ತವನ ಅಣ್ಣ ಪ್ಯಾಟ್ರಿಕ್ ಬಂದಿದ್ದ. ತಮ್ಮನ ಹೊಸಿಲನ್ನು ಅವನು ತುಳಿದದ್ದು ನಾಲ್ಕು ವರ್ಷಗಳಲ್ಲಿ ಇದೇ ಮೊದಲು. ಕರುಣಾಕರನನ್ನು ಜಗಲಿಗೆ ಕರೆದ.

“ಮಣ್ಣು ಮಾಡುವಾಗ ನೀವು ನಾಲ್ಕು ಮಾತು ಹೇಳಬೇಕು. ಅವನ ಒಟ್ಟಿಗೆ ಕೆಲಸ ಮಾಡಿದವರು ಬೇರೆ ಯಾರು ಉಂಟು? ಆದರೆ ಆ ದುರ್ಬೀನಿನ ವಿಷಯ ಬೇಡ ಮಾರಾಯ್ರೆ. ಪೇಪರಿನಲ್ಲಿ ಹೆಸರು ಬಂದದ್ದು ಸಾಕು. ನನ್ನ ಮಗಳ ಮದುವೆಗೂ ನಾನು ಅವನನ್ನು ಕರೆಯಲಿಲ್ಲ. ಗಂಡಿನ ಕಡೆಯವರು ಕೇಳಿದರೆ ಎಂತ ಹೇಳುವುದು?”

“ಸರಿ,” ಎಂದ ಕರುಣಾಕರ. ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನ ಮೇಲೆ ಅವನಿಗೇ ಹೇಸಿಗೆಯಾಯಿತು.

*

ಆ ದುರ್ಬೀನು ಇದ್ದದ್ದು ನೆಲದ ಮೇಲಲ್ಲ, ಭೂಮಿಯನ್ನು ಸುತ್ತುವ ಒಂದು ಉಪಗ್ರಹದಲ್ಲಿ. ಎರಡು ವರ್ಷ ನಕ್ಷತ್ರ ನೋಡಲೆಂದು ಕಳಿಸಿದ್ದು, ಐದನೆಯ ವರ್ಷವೂ ನೋಡುತ್ತಿತ್ತು. ದಿಕ್ಕು ಹಿಡಿಯುವ ಮೂರು ಚಕ್ರಗಳಲ್ಲಿ ಎರಡು ನಿಂತಿದ್ದವು, ಬ್ಯಾಟರಿಗೆ ಮುಪ್ಪು ಬಂದಿತ್ತು. ಘಟ್ಟದ ಮೇಲಿನ ನಿಯಂತ್ರಣ ಕೇಂದ್ರದಲ್ಲಿ ಅದನ್ನು ಸಾಕುತ್ತಿದ್ದವನು ಇಮ್ಯಾನುಯೆಲ್. ಅದು ತಲೆಯ ಮೇಲೆ ಹಾದುಹೋಗುವ ಹನ್ನೆರಡು ನಿಮಿಷಗಳಲ್ಲಿ ಹೀಟರ್ ಹಾಕಿ, ತೆಗೆದು, ಉಳಿದ ಒಂದೇ ಚಕ್ರದಿಂದ ಮೆಲ್ಲಗೆ ತಿರುಗಿಸುತ್ತಿದ್ದ. “ಅಜ್ಜಿಗೆ ಇವತ್ತು ಚಳಿ,” ಎನ್ನುತ್ತಿದ್ದ. ಮೇಲಧಿಕಾರಿಗಳೇ ಅದರ ಆಸೆ ಬಿಟ್ಟಿದ್ದರು, ಅವನು ಬಿಟ್ಟಿರಲಿಲ್ಲ.

ಅಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬ ಅಂಕಿಗಳನ್ನು ಒತ್ತಬೇಕು. ಇನ್ನೊಬ್ಬ ಅವನ್ನು ಗಟ್ಟಿಯಾಗಿ ಓದಿ, ತಾಳೆ ನೋಡಿ, ಸಹಿ ಹಾಕಬೇಕು. ಆಮೇಲೆಯೇ ಆಜ್ಞೆ ಮೇಲಕ್ಕೆ ಹೋಗಬೇಕು. ಎಂಬತ್ತಮೂರರ ಜೂನಿನ ಆ ಸಂಜೆ ಓದಬೇಕಾದವನು ಕರುಣಾಕರ. ವಿಶ್ವಕಪ್ಪಿನ ಫೈನಲ್ ನಡೆಯುತ್ತಿತ್ತು, ಕ್ಯಾಂಟೀನಿನಲ್ಲಿ ರೇಡಿಯೊ ಕೂಗುತ್ತಿತ್ತು. ಅವನು ಮುಂಚೆಯೇ ಸಹಿ ಹಾಕಿಟ್ಟು, “ಐದು ನಿಮಿಷ ಮಾರಾಯ,” ಎಂದು ಎದ್ದುಹೋದ.

ಹನ್ನೆರಡು ನಿಮಿಷ ಯಾರಿಗೂ ಕಾಯುವುದಿಲ್ಲ. ಎರಡು ಪಾಳಿ ದುಡಿದಿದ್ದ ಇಮ್ಯಾನುಯೆಲ್ ಒಬ್ಬನೇ ಕುಳಿತು ಒಂದು ಅಂಕಿ ತಪ್ಪು ಒತ್ತಿದ. ಕರುಣಾಕರ ಹಿಂದಿರುಗುವಷ್ಟರಲ್ಲಿ ದುರ್ಬೀನು ಸೂರ್ಯನ ಕಡೆಗೆ ಮುಖ ಮಾಡಿ ಕುರುಡಾಗಿತ್ತು.

ವಿಚಾರಣೆಯಲ್ಲಿ ಕರುಣಾಕರ, “ನಾನು ಓದಿ ಸಹಿ ಹಾಕುವಾಗ ಅಂಕಿ ಸರಿಯಾಗಿತ್ತು, ಆಮೇಲೆ ಅವನು ಬದಲಿಸಿದ,” ಎಂದ. ಆ ತಿಂಗಳು ಅವನ ಮಗಳು ಮನೋರಮಾಳ ನಿಶ್ಚಿತಾರ್ಥವಿತ್ತು. ಇಮ್ಯಾನುಯೆಲ್ ಒಮ್ಮೆ ಅವನ ಮುಖ ನೋಡಿ, “ಹೌದು ಸರ್,” ಎಂದುಬಿಟ್ಟ. ಕೆಲಸ ಹೋಯಿತು. ಊರಿಗೆ ಬಂದು ಹೆದ್ದಾರಿಯ ಬದಿಯಲ್ಲಿ ರೇಡಿಯೊ ರಿಪೇರಿಗೆ ಕೂತ.

*

ಪೆಟ್ಟಿಗೆ ಮುಚ್ಚುವ ಮೊದಲು ಬರ್ತಾ ನೀರು ಕುಡಿಯಲು ಹಿತ್ತಿಲಿಗೆ ಹೋದಾಗ ಕರುಣಾಕರ ಹಿಂದೆಯೇ ಹೋದ.

“ಬರ್ತಾ ಬಾಯಿ, ಒಂದು ಮಾತು ಉಂಟು. ಆ ದಿನ ನಾನು ಕೋಣೆಯಲ್ಲೇ ಇರಲಿಲ್ಲ. ಓದದೆ ಸಹಿ ಹಾಕಿದ್ದೆ.”

ಬರ್ತಾ ಬೆರಗಾಗಲಿಲ್ಲ. “ಗೊತ್ತುಂಟು. ಊರಿಗೆ ಬಂದ ದಿನವೇ ಅವರು ಹೇಳಿದ್ದರು. ನಿಮ್ಮ ಮಗಳ ಮದುವೆ ಆಗುವವರೆಗೆ ಬಾಯಿ ಬಿಡಬೇಡ ಎಂದರು. ಮದುವೆ ಆಗಿ ಮೂರು ವರ್ಷ ಆಯಿತು, ಅಲ್ವಾ? ನೀವು ಪ್ರತಿ ಕ್ರಿಸ್ಮಸ್ಸಿಗೆ ಬಂದಾಗಲೂ ಇವತ್ತು ಹೇಳುತ್ತಾನೆ, ಇವತ್ತು ಹೇಳುತ್ತಾನೆ ಎಂದು ಕಾದರು.”

ಕರುಣಾಕರನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ಮೂರು ಕ್ರಿಸ್ಮಸ್ಸು ಅವನು ಆ ಮನೆಯ ಹಬ್ಬದ ತಿಂಡಿ ಕುಸ್ವಾರ್ ತಿಂದು, ಕೈ ತೊಳೆದು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋಗಿದ್ದ.

“ತಪ್ಪಾಯಿತು ಬಾಯಿ.”

“ನನಗೆ ಹೇಳಿ ಎಂತ ಪ್ರಯೋಜನ? ಗೊತ್ತಿಲ್ಲದವರು ಎಲ್ಲ ಸ್ಮಶಾನಕ್ಕೆ ಬರುತ್ತಾರೆ,” ಎಂದು ಅವಳು ಒಳಗೆ ಹೋದಳು.

*

ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆಯನ್ನು ಹಗ್ಗ ಕಟ್ಟಿ ಇಳಿಸಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಕೈಗೆತ್ತಿಕೊಂಡರು. ಪ್ಯಾಟ್ರಿಕ್ ಕಣ್ಸನ್ನೆ ಮಾಡಿದ.

“ಇಮ್ಯಾನುಯೆಲ್ ಒಳ್ಳೆಯ ಮನುಷ್ಯ,” ಎಂದು ಕರುಣಾಕರ ಶುರುಮಾಡಿದ. ಅಲ್ಲಿಗೇ ನಿಲ್ಲಿಸಬಹುದಿತ್ತು, ಜನ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಬರ್ತಾ ಅವನ ಕಡೆ ನೋಡುತ್ತಲೂ ಇರಲಿಲ್ಲ.

“ದುರ್ಬೀನು ಹಾಳಾದದ್ದು ಅವನೊಬ್ಬನಿಂದ ಅಲ್ಲ. ಅವನ ತಪ್ಪು ಹಿಡಿಯಬೇಕಾದವನು ನಾನು. ನಾನು ಕ್ರಿಕೆಟ್ ಕೇಳಲು ಹೋಗಿದ್ದೆ. ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ನನ್ನ ಮಗಳ ಮದುವೆ ನಿಲ್ಲಬಾರದೆಂದು ಅವನು ಸುಮ್ಮನಾದ.”

ಯಾರೋ ಕೆಮ್ಮಿದರು. ಪಕ್ಕದಲ್ಲಿದ್ದವರು ಅವನಿಂದ ಒಂದು ಹೆಜ್ಜೆ ಸರಿದು ನಿಂತರು. ಬರ್ತಾ ಮೊದಲು ಮಣ್ಣು ಹಾಕಿ, ಕೈ ಕೊಡವಿಕೊಂಡು, ತಿರುಗಿ ನೋಡದೆ ನಡೆದಳು. ಇಬ್ಬರನ್ನು ಬಿಟ್ಟು ಉಳಿದವರು ಒಬ್ಬೊಬ್ಬರಾಗಿ ಹಾಕಿ ಅವಳ ಹಿಂದೆ ಹೋದರು.

ಗುಂಡಿ ತೋಡಿದ ಚೆನ್ನಪ್ಪ ಹಾರೆ ಹಿಡಿದು ಸ್ವಲ್ಪ ಹೊತ್ತು ಕಾದ.

“ಹಾಕಿ ಧನಿಗಳೇ,” ಎಂದ. “ನೀವಿಬ್ಬರೂ ಹಾಕದೆ ನಾನು ಮುಚ್ಚುವ ಹಾಗಿಲ್ಲ.”

ಗುಂಡಿಯ ಆ ಬದಿಯಲ್ಲಿ ಪ್ಯಾಟ್ರಿಕ್, ಈ ಬದಿಯಲ್ಲಿ ಕರುಣಾಕರ. ಇಬ್ಬರ ಮುಷ್ಟಿಯಲ್ಲೂ ಮಣ್ಣು ಹಾಗೆಯೇ ಇತ್ತು.